ಎಲಾಸ್ಟಿಕ್ ಕಾಮನ್ ಸ್ಕೀಮಾ: ಹೆಸರು ಸಿದ್ಧ, ಮೌಲ್ಯದ ಕೆಲಸ ಬಾಕಿ

ತಪ್ಪು ಪಾಸ್‌ವರ್ಡ್ ಹಾಕಿದರೆ ಲಿನಕ್ಸ್‌ನ ಎಸ್‌ಎಸ್‌ಎಚ್ ಲಾಗ್ ಒಂದು ವಾಕ್ಯ ಬರೆಯುತ್ತದೆ, ವಿಂಡೋಸ್ 4625 ಎಂಬ ನಂಬರ್ ಹಾಕುತ್ತದೆ, ವಿಪಿಎನ್‌ಗೆ ಅದರದೇ ಧಾಟಿ. ಮೂರನ್ನೂ ಒಂದೇ ಕ್ವೆರಿಯಲ್ಲಿ ಹಿಡಿಯಲು ಫೀಲ್ಡ್‌ಗಳ ಹೆಸರೂ ಟೈಪೂ ಒಂದೇ ಇರಬೇಕು. 2019ರಲ್ಲಿ 1.0 ಆವೃತ್ತಿಗೆ ಬಂದ ಎಲಾಸ್ಟಿಕ್ ಕಾಮನ್ ಸ್ಕೀಮಾ (ಇಸಿಎಸ್), ಅಂದರೆ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಡೇಟಾಬೇಸಿನಲ್ಲಿ ಫೀಲ್ಡ್‌ಗಳ ಹೆಸರನ್ನೂ ಟೈಪನ್ನೂ ನಿಗದಿಪಡಿಸುವ ಪಟ್ಟಿ, ಇರುವುದೇ ಇದಕ್ಕೆ.

ಇದರ ನಿಜವಾದ ಬಲ 'ಸೋರ್ಸ್.ಐಪಿ', 'ಯೂಸರ್.ನೇಮ್' ಎಂಬ ಹೆಸರುಗಳಲ್ಲಿಲ್ಲ. ಅಷ್ಟನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಯಾರು. ಬಲ ಇರುವುದು ವರ್ಗೀಕರಣದಲ್ಲಿ. 'ಈವೆಂಟ್.ಕೆಟಗರಿ'ಗೆ ಬರಬಹುದಾದ ಮೌಲ್ಯಗಳ ಪಟ್ಟಿ ನಿಗದಿಯಾಗಿದೆ. 'ಈವೆಂಟ್.ಔಟ್‌ಕಮ್'ಗೆ ಮೂರೇ ಮೌಲ್ಯ: ಸಕ್ಸೆಸ್, ಫೇಲ್ಯೂರ್, ಅನ್‌ನೋನ್. ಹಾಗಾಗಿ ಅಥೆಂಟಿಕೇಶನ್ ಮತ್ತು ಫೇಲ್ಯೂರ್ ಎರಡೂ ಇರುವುದನ್ನು ಐಪಿವಾರು ಎಣಿಸುವ ಒಂದೇ ರೂಲ್ ಮೂರೂ ಮೂಲಗಳಿಗೆ ಸಾಕು.

ತೊಂದರೆ ಶುರುವಾಗುವುದು ಮೌಲ್ಯಗಳಲ್ಲಿ. 4625ರಲ್ಲಿ ಐಪಿ ಇಲ್ಲದಿದ್ದಾಗ ವಿಂಡೋಸ್ ಆ ಜಾಗದಲ್ಲಿ '-' ಬರೆಯುತ್ತದೆ. ಐಪಿ ಟೈಪಿನ ಫೀಲ್ಡ್ ಅದನ್ನು ಒಪ್ಪುವುದಿಲ್ಲ. 'ಇಗ್ನೋರ್ ಮಾಲ್‌ಫಾರ್ಮ್ಡ್' (ತಪ್ಪು ಮೌಲ್ಯದ ಫೀಲ್ಡನ್ನಷ್ಟೇ ಬಿಟ್ಟುಬಿಡುವ ಸೆಟ್ಟಿಂಗ್) ಆನ್ ಇಲ್ಲದಿದ್ದರೆ ಇಡೀ ದಾಖಲೆಯೇ ತಿರಸ್ಕೃತ. ಇಂಜೆಸ್ಟ್ ಪೈಪ್‌ಲೈನಿನಲ್ಲಿ, ಅಂದರೆ ದಾಖಲೆ ಸೇರುವ ಮೊದಲು ಅದನ್ನು ತಿದ್ದುವ ಪ್ರೊಸೆಸರ್‌ಗಳ ಸಾಲಿನಲ್ಲಿ, '-' ಇದ್ದರೆ ಫೀಲ್ಡನ್ನು ತೆಗೆದುಹಾಕುವ ಪ್ರೊಸೆಸರ್ ಮೊದಲು ಬರಲಿ. ಅದೇ ದಾಖಲೆಯಲ್ಲಿ 'ಸಬ್ಜೆಕ್ಟ್' ಮತ್ತು 'ಟಾರ್ಗೆಟ್' ಎಂದು ಎರಡು ಯೂಸರ್ ಹೆಸರುಗಳಿರುತ್ತವೆ. ಲಾಗಿನ್ ಆಗಲು ನೋಡಿದ್ದು ಟಾರ್ಗೆಟ್, 'ಯೂಸರ್.ನೇಮ್'ಗೆ ಹೋಗಬೇಕಾದ್ದೂ ಅದೇ.

ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ರಿಕ್ವೆಸ್ಟ್ ಟೈಮ್ ಸೆಕೆಂಡಿನಲ್ಲಿದೆ, 'ಈವೆಂಟ್.ಡ್ಯುರೇಶನ್' ನ್ಯಾನೋಸೆಕೆಂಡಿನಲ್ಲಿ. 0.245 ಎಂದಿದ್ದದ್ದು 24,50,00,000 ಆಗಬೇಕು. ಗುಣಿಸದೆ ಬಿಟ್ಟರೆ ಎರರ್ ಬರುವುದಿಲ್ಲ, ಗ್ರಾಫ್ ಸುಮ್ಮನೆ ಸೊನ್ನೆಗೆ ಅಂಟಿಕೊಳ್ಳುತ್ತದೆ. ಸಮಯದ್ದು ಇನ್ನೊಂದು ಗೋಳು: ಆರ್‌ಎಫ್‌ಸಿ 3164 ಎಂಬ ಹಳೆಯ ಮಾದರಿಯ ಸಿಸ್‌ಲಾಗ್‌ನಲ್ಲಿ (ಸಾಧನಗಳು ಲಾಗ್ ಕಳಿಸುವ ಧಾಟಿ) ವರ್ಷವೂ ಇಲ್ಲ, ಟೈಮ್‌ಝೋನೂ ಇಲ್ಲ. ಡೇಟ್ ಪ್ರೊಸೆಸರ್ ಅದನ್ನು ಯುಟಿಸಿ ಎಂದೇ ಓದುತ್ತದೆ. ಬೆಂಗಳೂರಿನ ಫೈರ್‌ವಾಲ್ ಬೆಳಿಗ್ಗೆ 10ಕ್ಕೆ ಬರೆದದ್ದು ಡ್ಯಾಶ್‌ಬೋರ್ಡಿನಲ್ಲಿ ಮಧ್ಯಾಹ್ನ 3:30ರ ಲೆಕ್ಕಕ್ಕೆ ಸೇರುತ್ತದೆ. 'ಕೊನೆಯ 15 ನಿಮಿಷ' ನೋಡುವವರಿಗೆ ಕಾಣುವುದೇ ಇಲ್ಲ. ಪ್ರೊಸೆಸರಿನಲ್ಲಿ 'ಏಷ್ಯಾ/ಕೋಲ್ಕತಾ' ಎಂದು ಝೋನ್ ಹಾಕಿ.

ಸ್ಕೀಮಾ ಸೋತಿರುವ ಜಾಗ 'ಈವೆಂಟ್.ಸಿವಿಯಾರಿಟಿ'. ಅದಕ್ಕೆ ಸಾಮಾನ್ಯ ಅಳತೆಗೋಲೇ ಇಲ್ಲ, ಮೂಲ ಕೊಟ್ಟ ಅಂಕಿ ಹಾಗೇ ಕೂರುತ್ತದೆ. ಸಿಸ್‌ಲಾಗ್‌ನಲ್ಲಿ 0 ಅತಿ ಗಂಭೀರ, ಸೆಕ್ಯುರಿಟಿ ಸಾಧನಗಳ ಸಿಇಎಫ್ ಎಂಬ ಲಾಗ್ ಧಾಟಿಯಲ್ಲಿ 10. ಎಲ್ಲವನ್ನೂ ಸೇರಿಸಿ ವಿಂಗಡಿಸಿದರೆ ಕಸ. ನಿಮ್ಮದೇ ಫೀಲ್ಡ್ ಮಾಡಿಕೊಂಡು ನಾಲ್ಕೈದು ಹಂತಕ್ಕೆ ಇಳಿಸಿಕೊಳ್ಳಿ. ಹೆಸರಿನ ಮುಂದೆ ಸಂಸ್ಥೆಯ ಪ್ರಿಫಿಕ್ಸ್ ಇರಲಿ, ಮುಂದಿನ ಆವೃತ್ತಿಯ ಇಸಿಎಸ್ ಹೆಸರಿಗೆ ಡಿಕ್ಕಿಯಾಗದಂತೆ.

'ಈವೆಂಟ್.ಒರಿಜಿನಲ್'ನಲ್ಲಿ ಕಚ್ಚಾ ಸಾಲು ಉಳಿಯುತ್ತದೆ; ಅದು ಇಂಡೆಕ್ಸ್ ಆಗುವುದಿಲ್ಲ, ಆದರೆ ಡಿಸ್ಕ್ ತಿನ್ನುತ್ತದೆ. ಪಾರ್ಸರ್ ತಪ್ಪಿದಾಗ ಮತ್ತೆ ಓಡಿಸಲು ಬೇರೆ ದಾರಿ ಇಲ್ಲದಿದ್ದರೆ ಇಟ್ಟುಕೊಳ್ಳಿ. ಬಂದ ಜೇಸನ್ ಕೀಗಳನ್ನೆಲ್ಲ ಫೀಲ್ಡ್ ಮಾಡಲು ಹೋದರೆ ಇಂಡೆಕ್ಸಿನ 1000 ಫೀಲ್ಡ್‌ಗಳ ಡೀಫಾಲ್ಟ್ ಮಿತಿ ಬೇಗನೆ ತಾಗುತ್ತದೆ.

ಎಲಾಸ್ಟಿಕ್‌ಸರ್ಚ್ ಈಗಾಗಲೇ ಇರುವವರು ಕಣ್ಣುಮುಚ್ಚಿ ಇದನ್ನೇ ಆರಿಸಬಹುದು. 2023ರ ಏಪ್ರಿಲ್‌ನಲ್ಲಿ ಇಸಿಎಸ್ ಅನ್ನು ಓಪನ್‌ಟೆಲಿಮೆಟ್ರಿಗೆ (ಆ್ಯಪ್‌ಗಳ ಲಾಗ್, ಮೆಟ್ರಿಕ್‌ಗಳಿಗೆ ಮುಕ್ತ ಮಾನದಂಡ ರೂಪಿಸುವ ಯೋಜನೆ) ಕೊಡುವುದಾಗಿ ಘೋಷಣೆಯಾಯಿತು. ಹೊಸದಾಗಿ ಬರೆಯುವ ಆ್ಯಪ್‌ಗಳ ಲಾಗ್‌ಗೆ ಅಲ್ಲಿನ ಹೆಸರುಗಳೇ ವಾಸಿ. ಸೆಕ್ಯುರಿಟಿ ಲಾಗ್ ಮಾತ್ರ, ಅದೂ ಅಮೆಜಾನ್ ಸೆಕ್ಯುರಿಟಿ ಲೇಕ್‌ನಲ್ಲಿ ಎಂದಾದರೆ ಸೆಕ್ಯುರಿಟಿ ಲಾಗ್‌ಗೆಂದೇ ಇರುವ ಮುಕ್ತ ಸ್ಕೀಮಾ ಓಸಿಎಸ್‌ಎಫ್ ನೋಡಿ. ಯಾವುದೇ ಆದರೂ ಪ್ರತಿ ಮೂಲದಿಂದ ಹತ್ತಿಪ್ಪತ್ತು ನಿಜವಾದ ಸಾಲುಗಳನ್ನು, '-' ಇರುವ ದಾಖಲೆಯೂ ಸೇರಿ, ಎತ್ತಿಟ್ಟು ಪೈಪ್‌ಲೈನ್ ಬದಲಿಸಿದಾಗಲೆಲ್ಲ ಸಿಮ್ಯುಲೇಟ್ ಎಪಿಐಯಲ್ಲಿ, ಅಂದರೆ ಏನನ್ನೂ ಉಳಿಸದೆ ಪೈಪ್‌ಲೈನ್ ಪರೀಕ್ಷಿಸುವ ಸೌಲಭ್ಯದಲ್ಲಿ, ಹಾಯಿಸಿ.