ಒತ್ತಡವನ್ನು ಕಾಯಿಲೆ ಎನ್ನುವುದೋ, ಸಿದ್ಧತೆ ಎನ್ನುವುದೋ?

ಆಷಾಢದ ಮಳೆ ಹೊಳವಾಗದೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಎರಡನೆಯ ಸಿಂಪಡಣೆ ಬಾಕಿ ಉಳಿದು, ರೋಗ ತಗುಲಿದ ಹಸಿ ಅಡಿಕೆ ಮರದ ಬುಡದಲ್ಲಿ ಉದುರತೊಡಗಿದಾಗ, ತೀರ್ಥಹಳ್ಳಿ ಕಡೆಯ ಬೆಳೆಗಾರನ ಎದೆ ಡವಗುಟ್ಟುವುದು ಸಹಜ. ಆ ಬಡಿತವನ್ನು ಅರ್ಥೈಸಿಕೊಳ್ಳಲು ಅವನ ಮುಂದೆ ಎರಡು ನಂಬಿಕೆಗಳಿವೆ.

ಒತ್ತಡ ದೇಹವನ್ನು ಕೊರೆಯುತ್ತದೆ ಎಂಬ ಮೊದಲನೆಯದು ಆಧಾರವಿಲ್ಲದ ಮಾತಲ್ಲ; ತಿಂಗಳುಗಟ್ಟಲೆ ಕಾಡುವ ಒತ್ತಡ ನಿದ್ದೆಗೂ ರಕ್ತದೊತ್ತಡಕ್ಕೂ ಕೆಟ್ಟದ್ದೇ. ಆದರೆ ಆ ನಂಬಿಕೆ ಚಿಂತೆಯ ಬಗ್ಗೆಯೇ ಚಿಂತಿಸುವಂತೆ ಮಾಡುತ್ತದೆ. ಅಮೆರಿಕದ 1998ರ ಆರೋಗ್ಯ ಸಮೀಕ್ಷೆಯಲ್ಲಿ ಪಾಲ್ಗೊಂಡ 28,000ಕ್ಕೂ ಹೆಚ್ಚು ವಯಸ್ಕರ ಮರಣ ದಾಖಲೆಗಳನ್ನು 2006ರವರೆಗೆ ಪರಿಶೀಲಿಸಿದ ಅಧ್ಯಯನವೊಂದು, ಒತ್ತಡ ಹೆಚ್ಚಿದ್ದು ಅದು ಆರೋಗ್ಯವನ್ನು ಬಹಳವಾಗಿ ಬಾಧಿಸುತ್ತಿದೆ ಎಂದೂ ಭಾವಿಸಿದ್ದವರಲ್ಲಿ ಅಕಾಲ ಮರಣದ ಅಪಾಯ ಶೇ 43ರಷ್ಟು ಹೆಚ್ಚಿದ್ದುದನ್ನು ಗುರುತಿಸಿತು. ಇದು ಸಂಬಂಧವೇ ಹೊರತು ಕಾರಣದ ಸಾಬೀತಲ್ಲ. ಮೊದಲೇ ಅಸ್ವಸ್ಥರಾಗಿದ್ದವರೇ ಹಾಗೆ ಭಾವಿಸಿರಲೂಬಹುದು.

ಎರಡನೆಯದರ ಪ್ರಕಾರ ಎದೆಬಡಿತವೆಂದರೆ ಸ್ನಾಯುಗಳಿಗೆ ರಕ್ತ ಒದಗಿಸುವ ಸಿದ್ಧತೆ. (ಅಡಿಕೆ ಗೊನೆ ಕೊಯ್ಯಲು ಮರದಿಂದ ಮರಕ್ಕೆ ಹಾಯುವ ಕೊನೆಗಾರನ ಎದೆಯೂ ಜೋರಾಗಿಯೇ ಬಡಿಯುತ್ತದೆ; ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ.) ಪ್ರಯೋಗವೊಂದರಲ್ಲಿ ಹೀಗೆ ತಿಳಿಹೇಳಿಸಿಕೊಂಡವರ ರಕ್ತನಾಳಗಳು ಒತ್ತಡದ ನಡುವೆಯೂ ಕಡಿಮೆ ಬಿಗಿದುಕೊಂಡವು. ಆದರೆ ಈ ನಂಬಿಕೆ ಸೊಸೈಟಿ ಸಾಲವನ್ನು ತೀರಿಸದು.

ಮಂಡಿಯಲ್ಲಿ ದರ ಕೇಳುವ ಮುನ್ನಿನ ತಳಮಳಕ್ಕೆ, ಪರೀಕ್ಷೆಗೆ, ಸಂದರ್ಶನಕ್ಕೆ ನಾನು ಎರಡನೆಯದನ್ನೇ ಆರಿಸುವೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ಮೊದಲನೆಯದನ್ನು ನಂಬಿ ವೈದ್ಯರನ್ನು ಕಾಣಬೇಕು. ಎದೆನೋವು ಬಂದರಂತೂ ಯಾವ ನಂಬಿಕೆಯನ್ನೂ ತೂಗುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು.