33 ನಿಮಿಷ ನಂಬಿ ಕಾಶಿ ವಿಮಾನ ತಪ್ಪಿಸಿಕೊಂಡೆವು

ಬೆಳಗಾವಿಯಿಂದ ಬೆಂಗಳೂರಿಗೆ ಹಾರಿ, ಅಲ್ಲಿ ಇನ್ನೊಂದು ವಿಮಾನ ಹಿಡಿಯುವವರು ಇದನ್ನೊಮ್ಮೆ ಓದಿ. ನನಗೆ ಹೋಗಿದ್ದು ಮೂರು ಟಿಕೆಟ್‌ ದುಡ್ಡು. ಅವ್ವನ ಮುಂದೆ ಹೋದ ಮರ್ಯಾದೆ ಬೇರೆ.

ಅವ್ವನಿಗೆ ಕಾಶಿ ತೋರಿಸಬೇಕಿತ್ತು. ಬೆಂಗಳೂರಿನಿಂದ ವಾರಾಣಸಿಗೆ 11.40ರ ವಿಮಾನ ಅಗ್ಗಕ್ಕೆ ಸಿಕ್ಕಿತು. ಹಿಂದೆ ಮುಂದೆ ನೋಡದೆ ಮೂರು ಸೀಟು ಬುಕ್ ಮಾಡಿದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ 9ಕ್ಕೆ ಹೊರಟರೆ ಸಾಕಾಗುತ್ತಾ ಅಂತ ದೂರ ಲೆಕ್ಕ ಹಾಕುವ ಒಂದು ವೆಬ್‌ಸೈಟ್ ನೋಡಿದೆ. ಸುಮಾರು 445 ಕಿ.ಮೀ., ಹಾರಾಟ 33 ನಿಮಿಷ ಅಂದಿತು. ಟಿಕೆಟ್‌ನಲ್ಲಿ ಮಾತ್ರ ಬೆಂಗಳೂರು ತಲುಪುವುದು 10.20ಕ್ಕೆ ಅಂತ ಇತ್ತು. ಕಂಪನಿಯವರು ಸುಮ್ನೆ ಜಾಸ್ತಿ ಹಾಕಿರುತ್ತಾರೆ, ಬೇಗ ಮುಟ್ಟುತ್ತೇವೆ ಅಂದುಕೊಂಡೆ. ಹುಂಬತನ ಅಂದರೆ ಇದೇ ಅಲ್ವಾ?

ಆ ಸೈಟು ಮಾಡುವುದಿಷ್ಟೇ. ನಕ್ಷೆ ಮೇಲೆ ದಾರ ಎಳೆದ ಹಾಗೆ ನೇರ ದೂರ ಅಳೆದು, ಗಂಟೆಗೆ 800 ಕಿ.ಮೀ. ಲೆಕ್ಕದಲ್ಲಿ ಭಾಗಿಸಿಬಿಡುತ್ತದೆ. ನಾವು ಹತ್ತಿದ್ದು ರೆಕ್ಕೆಗೆ ಫ್ಯಾನ್ ಇರುವ ಎಟಿಆರ್. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಅಲ್ಲಿಗೇ 33 ಹೋಗಿ 53 ನಿಮಿಷ ಆಯಿತು. ಏರುವಾಗ, ಇಳಿಯುವಾಗ ಅಷ್ಟು ವೇಗವೂ ಇರುವುದಿಲ್ಲ. ಬೆಂಗಳೂರಿನಲ್ಲಿ ಇಳಿಯಲು ಸರದಿ ಇದ್ದರೆ ಮೇಲೆಯೇ ಸುತ್ತು ಹೊಡೆಸುತ್ತಾರೆ. ನೆಲ ಮುಟ್ಟಿದ ಮೇಲೂ ನಿಲ್ಲುವ ಜಾಗದವರೆಗೆ ಉರುಳಬೇಕು. ಟಿಕೆಟ್‌ನಲ್ಲಿದ್ದ 1 ಗಂಟೆ 20 ನಿಮಿಷ ಇದೆಲ್ಲ ಸೇರಿದ ಲೆಕ್ಕ.

ನಮ್ಮ ವಿಮಾನ ನಿಂತಾಗ 10.25. ಬೆಲ್ಟಿನ ಮೇಲೆ ಎಲ್ಲರ ಬ್ಯಾಗೂ ಬಂದವು, ನಮ್ಮದೊಂದು ಬಿಟ್ಟು. ಗುರುತಿಗೆ ಅಂತ ಅವ್ವ ಹಳೇ ಇಳಕಲ್ ಸೀರೆಯ ಕೆಂಪು ಅಂಚು ಹರಿದು ಕಟ್ಟಿದ್ದಳು. ಒಳಗೆ ಗಂಗಾಜಲ ತರಲು ತಾಮ್ರದ ತಂಬಿಗೆ. ಆ ಕೆಂಪು ಅಂಚು ಕಾಣುವಷ್ಟರಲ್ಲಿ 10.45. ಎರಡು ಟಿಕೆಟ್ ಬೇರೆ ಬೇರೆ ಕಂಪನಿಯವು, ಪಿಎನ್‌ಆರ್ (ಬುಕಿಂಗ್ ನಂಬರ್) ಬೇರೆ. ಹಾಗಾಗಿ ಲಗೇಜ್ ತಾನಾಗೇ ಮುಂದಕ್ಕೆ ಹೋಗುವುದಿಲ್ಲ. ಹೊರಗೆ ತಂದು, ಇನ್ನೊಂದು ಟರ್ಮಿನಲ್‌ಗೆ ಓಡಿ, ಮತ್ತೆ ಕೊಡಬೇಕು. ಅಲ್ಲಿ ಕೌಂಟರ್ ಒಂದು ಗಂಟೆ ಮೊದಲೇ, 10.40ಕ್ಕೇ ಮುಚ್ಚಿತ್ತು. ವೆಬ್ ಚೆಕ್‌ಇನ್ ಆಗಿದೆ ಮೇಡಂ ಅಂತ ಬೇಡಿಕೊಂಡೆ. ಬ್ಯಾಗ್ ಹಾಕುವುದಿದ್ದರೆ ಅದಕ್ಕೆ ಬೆಲೆ ಇಲ್ಲ. ಮೊದಲ ವಿಮಾನದ ಕಥೆ ಅವರಿಗೆ ಸಂಬಂಧವೇ ಇಲ್ಲ, ದುಡ್ಡೂ ವಾಪಸ್ ಬರಲಿಲ್ಲ.

"ಅರ್ಧಾ ತಾಸಿನ್ಯಾಗ ಮುಟ್ಟತೀವಿ ಅಂದಿದ್ದೆಲ್ಲೋ ತಮ್ಮಾ?" ಅಂದಳು ಅವ್ವ. ಹೆಂಡತಿ ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ.

ಸಾಧ್ಯವಾದರೆ ಇಡೀ ಪ್ರಯಾಣವನ್ನು ಒಂದೇ ಪಿಎನ್‌ಆರ್‌ನಲ್ಲಿ ತೆಗೆದುಕೊಳ್ಳಿ. ಮೊದಲ ವಿಮಾನ ತಡವಾದರೆ ಮುಂದಿನದರ ಜವಾಬ್ದಾರಿ ಕಂಪನಿಯದು. ಬೇರೆ ಬೇರೆ ತೆಗೆದರೆ ನಡುವೆ ಕನಿಷ್ಠ ಮೂರೂವರೆ, ನಾಲ್ಕು ತಾಸು ಇರಲಿ. ಬಾಗಲಕೋಟೆ, ವಿಜಯಪುರದಿಂದ ಸಾಂಬ್ರಾಕ್ಕೆ ಬರುವವರಂತೂ ಇನ್ನೂ ಹುಷಾರು. ನಿಮಗೆ ರಸ್ತೆ ಮೇಲೆ ಕಳೆಯುವ ಹೊತ್ತೇ ವಿಮಾನದ್ದಕ್ಕಿಂತ ಜಾಸ್ತಿ. ಅದನ್ನು ಯಾವ ಸೈಟೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮರುದಿನದ ಟಿಕೆಟ್ ಹಿಂದಿನದರ ಎರಡು ಪಟ್ಟು ಇತ್ತು. ಆ ರಾತ್ರಿ ದೇವನಹಳ್ಳಿ ಲಾಡ್ಜಿನಲ್ಲಿ, ಕಾಶಿಯಲ್ಲಿ ಹಂಚಬೇಕು ಅಂತ ತಂದ ಕುಂದಾ ಡಬ್ಬಿಯನ್ನು ಅವ್ವ ತಾನೇ ಬಿಚ್ಚಿ ಮುಂದಿಟ್ಟಳು.