ಬ್ಯಾಂಡೇಜ್ ಘಟಕಕ್ಕೆ ಯಾವ ಸಾಫ್ಟ್‌ವೇರ್? ನಾವು ಹಾಕಿ ನೋಡಿದ್ದು

ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದು ಸಣ್ಣ ಘಟಕ. ಗಾಜ್ ಸ್ವಾಬ್, ಬ್ಯಾಂಡೇಜ್, ಡ್ರೆಸ್ಸಿಂಗ್ ಪ್ಯಾಡ್ ಮಾಡುತ್ತೇವೆ. 2022ರ ಅಕ್ಟೋಬರ್ 1ರಿಂದ ಎ ಮತ್ತು ಬಿ ವರ್ಗದ, ಅಂದರೆ ಕಡಿಮೆ ಅಪಾಯದ ವೈದ್ಯಕೀಯ ಸಾಧನಗಳಿಗೂ ಲೈಸೆನ್ಸ್ ಬಂತಲ್ವಾ, ಆಮೇಲೆ ನಮ್ಮ ರಿಜಿಸ್ಟರುಗಳ ರಾಶಿ ಒಂದು ಕಪಾಟಿನಿಂದ ಮೂರು ಕಪಾಟಿಗೆ ಬೆಳೆಯಿತು.

ಸಾಫ್ಟ್‌ವೇರ್ ಆರಿಸುವಾಗ ನಾನು ಫೀಚರ್ ಪಟ್ಟಿ ನೋಡಲಿಲ್ಲ. ಒಂದೇ ಪರೀಕ್ಷೆ ಇಟ್ಟೆ. ಮಾರಿದ ಒಂದು ಪ್ಯಾಕೆಟ್ ಕೈಗೆ ಕೊಡುತ್ತೇನೆ, ಅದರ ಬಟ್ಟೆ ಯಾವ ರೋಲಿನದು, ಯಾವ ಇಟಿಒ ಲೋಡಿನಲ್ಲಿ ಹೋಯಿತು, ಅದೇ ಲೋಡಿನ ಉಳಿದ ಪೆಟ್ಟಿಗೆಗಳು ಯಾರ್ಯಾರಿಗೆ ಹೋದವು, ಹೇಳಿ. (ಇಟಿಒ ಅಂದರೆ ಎಥಿಲೀನ್ ಆಕ್ಸೈಡ್ ಅನಿಲ. ಅದರ ಸ್ಟರಿಲೈಸೇಶನ್ ನಾವು ಹೊರಗೆ ಜಾಬ್ ವರ್ಕ್ ಕೊಡುತ್ತೇವೆ. ಎಳೆ ತಪ್ಪುವುದು ಅಲ್ಲೇ.)

ಕಾಗದದಲ್ಲಿ ಒಂದೂವರೆ ದಿನ ಹಿಡಿಯಿತು. ಹುಡುಕುವಾಗ ಇನ್ನೊಂದು ಕಣ್ಣಿಗೆ ಬಿತ್ತು: ನಮ್ಮ ಎಲ್ಲ ಕೆಲಸವೂ ಸರಿಯಾಗಿ ಒಂಬತ್ತಕ್ಕೆ, ಹತ್ತಕ್ಕೆ, ಹನ್ನೊಂದಕ್ಕೆ ಶುರುವಾಗಿದೆ! ಹೊರಗೆ ಆಟಿಯ ಮಳೆ ಸುರಿಯುತ್ತಿದ್ದ ದಿನಗಳಲ್ಲೂ ಪ್ಯಾಕಿಂಗ್ ಹಾಲಿನ ತೇವಾಂಶ ದಿನಾ 55. ಸಂಜೆ ಕೂತು ಒಟ್ಟಿಗೆ ತುಂಬಿಸಿದ ಶೀಟು ಅಂತ ಹೇಳಲು ಆಡಿಟರ್ ಬೇಕಾಗಿಲ್ಲ.

ಎಕ್ಸೆಲ್‌ಗೆ ಮೂರು ಗಂಟೆ. ಆದರೆ 0624 ಅಂತ ಬರೆದ ಲಾಟ್ ನಂಬರನ್ನು ಅದು 624 ಮಾಡಿಬಿಡುತ್ತದೆ, ಕಾಲಂ ಟೆಕ್ಸ್ಟ್ ಆಗಿ ಇಡದಿದ್ದರೆ. ಮುಂದಕ್ಕೆ ಹೋಗೋಣ.

ನಿಜವಾದ ಪೈಪೋಟಿ ಇದ್ದದ್ದು ಸ್ಟಾಕು, ತಯಾರಿ, ಲೆಕ್ಕ ಎಲ್ಲ ಒಟ್ಟಿಗೆ ನೋಡುವ ಇಆರ್‌ಪಿನೆಕ್ಸ್ಟ್ ಮತ್ತು ಒಂದು ದುಡ್ಡಿನ ಕ್ಲೌಡ್ ಪ್ಯಾಕೇಜಿನ ನಡುವೆ. ಎರಡನ್ನೂ ಮೂರು ಮೂರು ತಿಂಗಳು ಓಡಿಸಿದೆವು.

ಕ್ಲೌಡ್‌ನದ್ದು ಹೆಸರು ಬೇಡ. ಪರೀಕ್ಷೆಯಲ್ಲಿ ಅದೇ ಗೆದ್ದಿತು, ನಾಲ್ಕು ನಿಮಿಷ. ವೈದ್ಯಕೀಯ ಸಾಧನಗಳಿಗೆಂದೇ ಮಾಡಿದ್ದು, ವೈದ್ಯಕೀಯ ಸಾಧನಗಳ ಗುಣಮಟ್ಟ ವ್ಯವಸ್ಥೆಯ ಮಾನದಂಡ ಐಎಸ್‌ಒ 13485ಕ್ಕೆ ಬೇಕಾದ ದೂರು, ತರಬೇತಿ, ದಾಖಲೆ ಬದಲಾವಣೆ ಎಲ್ಲ ಸಿದ್ಧ ಇದೆ, ಪ್ರತಿ ಹಂತಕ್ಕೂ ಪಾಸ್‌ವರ್ಡ್ ಹಾಕಿ ಸಹಿ. ಮಾರಲು ಬಂದವರು ಅಮೆರಿಕದ ಪಾರ್ಟ್ 11 ನಿಯಮ (ಕಂಪ್ಯೂಟರ್ ದಾಖಲೆ, ಸಹಿಗಳದ್ದು) ಅಂತ ಹತ್ತು ಸಲ ಹೇಳಿದರು. ನಮ್ಮ ಮಾಲು ಕಾಸರಗೋಡು ದಾಟುವುದೇ ಅಪರೂಪ ಮಾರಾಯ್ರೆ! ಆದರೆ ಲೈಸೆನ್ಸ್ ತಲೆಗೆ ಇಷ್ಟು ಅಂತ. ಖರ್ಚು ಉಳಿಸಲು ಪ್ಯಾಕಿಂಗ್ ಹಾಲಿಗೆ ಒಂದೇ ಲಾಗಿನ್ ಕೊಟ್ಟೆವು, ಆರು ಜನ ಅದರಲ್ಲೇ ಸಹಿ ಮಾಡಿದರು, ಅಲ್ಲಿಗೆ ಸಹಿಗೆ ಅರ್ಥವೇ ಉಳಿಯಲಿಲ್ಲ. ತಪ್ಪು ನಮ್ಮದೇ, ಆದರೆ ಸಣ್ಣ ಘಟಕದಲ್ಲಿ ಎಲ್ಲರೂ ಮಾಡುವುದು ಇದನ್ನೇ. ಜೊತೆಗೆ ಜುಲೈ ಗಾಳಿಗೆ ಇಂಟರ್ನೆಟ್ ಹೋದರೆ ಹಾಲಿನಲ್ಲಿ ಕೆಲಸ ನಿಲ್ಲುತ್ತದೆ.

ಇಆರ್‌ಪಿನೆಕ್ಸ್ಟ್ ಮುಂಬೈಯ ಫ್ರಾಪೆಯವರದ್ದು, ಓಪನ್ ಸೋರ್ಸ್. ಕಂಪ್ಯೂಟರ್ ನಮ್ಮ ಆಫೀಸಿನಲ್ಲೇ ಇಟ್ಟೆವು, ಹೊರಗಿನ ನೆಟ್ ಹೋದರೂ ಯುಪಿಎಸ್ ಇದ್ದಷ್ಟು ಹೊತ್ತು ಒಳಗೆ ಓಡುತ್ತದೆ. ಎಷ್ಟು ಜನಕ್ಕೆ ಲಾಗಿನ್ ಕೊಟ್ಟರೂ ಲೈಸೆನ್ಸ್ ಖರ್ಚಿಲ್ಲ. ಬ್ಯಾಚ್, ಎಕ್ಸ್‌ಪೈರಿ, ಗುಣಮಟ್ಟದ ತಪಾಸಣೆ, ಜಾಬ್ ವರ್ಕ್ ಎಲ್ಲ ಇದೆ. ಇಟಿಒ ಲೋಡ್ ನಂಬರಿಗೆ ಒಂದು ಫೀಲ್ಡ್ ನಾವೇ ಸೇರಿಸಿದೆವು, ಚಹಾ ಕುಡಿಯುವಷ್ಟರಲ್ಲಿ ಆಯಿತು. ಪರೀಕ್ಷೆಗೆ ಹನ್ನೆರಡು ನಿಮಿಷ, ನನಗೆ ಸಾಕು. ಆದರೆ ಪುಕ್ಕಟೆ ಅಂತ ಸುಮ್ನೆ ಹಾರಬೇಡಿ. ಹಂತಹಂತದ ಪಾಸ್‌ವರ್ಡ್ ಸಹಿ ಮಾಡಿಸಿಕೊಳ್ಳಬೇಕು, ಸಾಫ್ಟ್‌ವೇರ್ ಸರಿಯಾಗಿ ಕೆಲಸ ಮಾಡುತ್ತದೆ ಅಂತ ಪರೀಕ್ಷಿಸಿ ದಾಖಲೆ ಇಡುವ ವ್ಯಾಲಿಡೇಶನ್ ಪೂರ್ತಿ ನಮ್ಮ ತಲೆ ಮೇಲೆ, ಬ್ಯಾಕಪ್ ಕೂಡ. ವ್ಯಾಲಿಡೇಶನ್‌ಗೇ ಎರಡು ತಿಂಗಳು ಹೋಯಿತು.

ಇನ್ನು ಗ್ಲೌಸ್ ಸಮಸ್ಯೆ. ಪ್ಯಾಕಿಂಗ್‌ನ ಅಕ್ಕ ಗ್ಲೌಸ್ ಹಾಕಿದ ಕೈಯಲ್ಲಿ ಟ್ಯಾಬ್ ಒತ್ತಿ ಒತ್ತಿ ಕೊನೆಗೆ "ಉಂದು ದಾದ ಮಾರಾಯ್ರೆ" (ಇದೆಂತ ಮಾರಾಯ್ರೆ) ಅಂತ ಅದನ್ನು ಕೆಳಗಿಟ್ಟರು. ಎರಡೂ ಸಾಫ್ಟ್‌ವೇರಿನಲ್ಲಿ ಇದೇ ಕಥೆ. ಬಾರ್‌ಕೋಡ್ ಗನ್ ಕೊಟ್ಟ ಮೇಲೆ ಸರಿಯಾಯಿತು.

ಇಆರ್‌ಪಿನೆಕ್ಸ್ಟ್ ಇಟ್ಟುಕೊಂಡೆವು. ಈಗ ಶುರುವಿನ ಸಮಯ 9:07, 10:22 ಅಂತ ಬರುತ್ತಿದೆ. ತೇವಾಂಶ ಮಾತ್ರ ಇನ್ನೂ ಕೈಯಲ್ಲೇ ತುಂಬಿಸುತ್ತೇವೆ, ಮೊನ್ನೆ ನೋಡಿದರೆ ಮತ್ತೆ 55.